ಯಾರ್ಕಿಯ ಕೂದಲು: ಉದ್ದ ಬಿಡಬೇಕಾ, ಕತ್ತರಿಸಬೇಕಾ?

ನಮ್ಮ ಮನೆಯ ಯಾರ್ಕ್‌ಷೈರ್ ಟೆರಿಯರ್, ಅಂದರೆ ಯಾರ್ಕಿ ತಳಿಯ ನಾಯಿ ಚಿನ್ನಿಗೆ ಮೂರು ಬಗೆಯಲ್ಲೂ ಕೂದಲು ಇಟ್ಟು ನೋಡಿದ್ದೇವೆ. ನೆಲಕ್ಕೆ ತಾಗುವಷ್ಟು ಉದ್ದ, ಒಂದಿಂಚಿನ ಆಸುಪಾಸಿನ ಪಪ್ಪಿ ಕಟ್, ಬೇಸಿಗೆಯಲ್ಲಿ ಮೆಷಿನ್ ಹಾಕಿಸಿ ಪೂರ್ತಿ ಬೋಳು. ಬೆಂಗಳೂರಿನಲ್ಲಿ ದಿನಾ ಹೊರಗೆ ವಾಕಿಂಗ್ ಹೋಗುವ ನಾಯಿಗೆ ಪಪ್ಪಿ ಕಟ್ಟೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಈ ಕೂದಲು ಎಂಥದ್ದು ಅಂತ ತಿಳಿದಿರಬೇಕು. ಲ್ಯಾಬ್ರಡಾರ್, ಪೊಮೆರೇನಿಯನ್‌ಗಳಿಗೆ ಇರುವ ದಟ್ಟ ಒಳಪದರ ಯಾರ್ಕಿಗೆ ಇಲ್ಲ. ಇರುವುದು ಒಂದೇ ಪದರ. ನಮ್ಮ ತಲೆಗೂದಲಿನ ಹಾಗೆ ಅದು ಬೆಳೆಯುತ್ತಲೇ ಹೋಗುತ್ತದೆ. ಸೋಫಾ, ಬೆಡ್‌ಶೀಟ್ ಮೇಲೆ ಕೂದಲು ಬೀಳುವುದು ತೀರಾ ಕಡಿಮೆ. ಆದರೆ ಉದುರಿದ ಎಳೆ ಉಳಿದ ಕೂದಲಲ್ಲೇ ಸಿಕ್ಕಿಕೊಂಡು ಗಂಟಾಗುತ್ತದೆ. ಪೊಮೆರೇನಿಯನ್‌ಗೆ ಬೋಳಿಸಿದರೆ ಕೂದಲು ಮೊದಲಿನಂತೆ ಬರದೇ ಹೋಗುವ ಭಯ ಇದೆ. ಯಾರ್ಕಿಗೆ ಕತ್ತರಿ ಹಾಕಲು ಅಷ್ಟು ಹೆದರಬೇಕಿಲ್ಲ.

ಉದ್ದ ಕೂದಲು ನೋಡಲು ನಿಜಕ್ಕೂ ಚೆಂದ. ಬೆನ್ನಿನ ಮೇಲೆ ಬೈತಲೆ, ನೆತ್ತಿಯ ಮೇಲೆ ಜುಟ್ಟು, ಬಿಸಿಲು ಬಿದ್ದರೆ ಉಕ್ಕಿನ ನೀಲಿ ಬಣ್ಣ. ಇದಕ್ಕೆ ದಿನವೂ ಬಾಚಬೇಕು, ಒಂದು ದಿನವೂ ತಪ್ಪುವ ಹಾಗಿಲ್ಲ. ಮೆತ್ತನೆಯ ಸ್ಲಿಕರ್ ಬ್ರಷ್‌ನಿಂದ (ಸಣ್ಣ ಬಾಗಿದ ತಂತಿಗಳು ಒತ್ತಾಗಿರುವ ಬ್ರಷ್) ಬಾಚಿದರೆ ಮೇಲೆ ಎಲ್ಲ ನುಣುಪಾಗಿ ಕಾಣುತ್ತದೆ, ಚರ್ಮದ ಹತ್ತಿರದ ಗಂಟು ಹಾಗೇ ಉಳಿಯುತ್ತದೆ. ಉದ್ದ ಪಿನ್ನುಗಳು ದೂರ ದೂರ ಇರುವ ಪಿನ್ ಬ್ರಷ್ ಉದ್ದ ಎಳೆಗೆ ವಾಸಿ, ಕೂದಲು ತುಂಡಾಗುವುದು ಕಡಿಮೆ. ಕೊನೆಗೆ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಓಡಿದರೆ ಮಾತ್ರ ಕೆಲಸ ಮುಗಿಯಿತು ಅಂತ ಅರ್ಥ. ಒಣ ಕೂದಲನ್ನು ಸುಮ್ನೆ ಎಳೆಯಬಾರದು, ಸ್ವಲ್ಪ ಕಂಡೀಷನರ್ ಸ್ಪ್ರೇ ಹೊಡೆದೇ ಬಾಚಬೇಕು. ಗಂಟು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನಷ್ಟು ಬಿಗಿಯುತ್ತದೆ.

ಬಾಚುವುದಾದರೂ ಅಭ್ಯಾಸವಾಗುತ್ತದೆ. ಉದ್ದ ಕೂದಲಿನ ಜೊತೆ ನನಗೆ ಒಗ್ಗದೇ ಇದ್ದದ್ದು ಬೇರೆ ಎರಡು ವಿಷಯ.

ಒಂದು, ಹಾರ್ನೆಸ್. ಯಾರ್ಕಿಯಂಥ ಪುಟ್ಟ ತಳಿಗಳಲ್ಲಿ ಶ್ವಾಸನಾಳ ಕುಸಿಯುವ ತೊಂದರೆ ಜಾಸ್ತಿ. ಕತ್ತಿನ ಪಟ್ಟಿಗೆ ಹಗ್ಗ ಕಟ್ಟಿ ಎಳೆದರೆ ಕೆಮ್ಮು ಶುರುವಾಗಬಹುದು. ಹಾಗಾಗಿ ಎದೆಗೆ ಹಾಕುವ ಹಾರ್ನೆಸ್ಸೇ ಬೇಕು. ಆದರೆ ಕೂದಲು ಉದ್ದ ಇದ್ದಾಗ ಹಾರ್ನೆಸ್ ಪಟ್ಟಿ ಕಂಕುಳಲ್ಲಿ ಉಜ್ಜಿ ಉಜ್ಜಿ, ಒಂದು ವಾಕಿಂಗ್ ಮುಗಿಯುವಷ್ಟರಲ್ಲಿ ಗಂಟು ಕಟ್ಟುತ್ತದೆ. ಕತ್ತು ಉಳಿಸಲು ಹೋದರೆ ಕಂಕುಳು ಕೆಡುತ್ತದೆ. ಕೂದಲು ಕಡಿಮೆ ಮಾಡಿಸಿದ ಮೇಲೆ ಈ ತೊಂದರೆ ಮಾಯವಾಯಿತು.

ಎರಡು, ಉಣುಗು. ನನಗೆ ಅತಿ ಮುಖ್ಯ ಕಾರಣ ಇದೇ. ನಮ್ಮಲ್ಲಿ ಟಿಕ್ ಫೀವರ್ ಅಂತ ಕರೆಯುವ ಎರ್ಲಿಕಿಯಾ, ಬೇಬಿಸಿಯಾ ಸೋಂಕುಗಳು ಉಣುಗು ಕಚ್ಚಿದರೆ ಬರುತ್ತವೆ. ಪ್ಲೇಟ್‌ಲೆಟ್ ಇಳಿಯುತ್ತದೆ, ರಕ್ತಹೀನತೆ ಆಗುತ್ತದೆ. ಮೂರು ಕೆಜಿಯ ನಾಯಿಗೆ ತಡೆದುಕೊಳ್ಳುವ ಶಕ್ತಿ ಎಷ್ಟಿರುತ್ತದೆ ಹೇಳಿ. ಡಾಕ್ಟರ್ ಕೊಡುವ ಉಣುಗಿನ ಔಷಧಿ ತಪ್ಪಿಸಬಾರದು. ಅದರ ಜೊತೆಗೆ ದಿನಾ ಕಿವಿ, ಕತ್ತು, ಬೆರಳಿನ ಸಂದು, ಬಾಲದ ಬುಡ ತಡವಿ ನೋಡಲೇಬೇಕು. ಉದ್ದ ಕೂದಲಲ್ಲಿ ಸಾಸಿವೆ ಗಾತ್ರದ ಉಣುಗು ಕೈಗೆ ಸಿಗುವುದೇ ಇಲ್ಲ. ಪಪ್ಪಿ ಕಟ್‌ನಲ್ಲಿ ತಕ್ಷಣ ಸಿಗುತ್ತದೆ.

ಹಾಗಾದರೆ ಪೂರ್ತಿ ಬೋಳಿಸಿಬಿಡಬಹುದಲ್ವಾ? ಬೇಡ. ಕೂದಲು ಕತ್ತರಿಸುವ ಮೆಷಿನ್ನಿನ 10ನೇ ನಂಬರಿನ ಬ್ಲೇಡ್ ಉಳಿಸುವುದು ಸುಮಾರು ಒಂದೂವರೆ ಮಿಲಿಮೀಟರ್ ಕೂದಲು ಮಾತ್ರ. ಚಿನ್ನಿಗೆ ಹಾಗೆ ಮಾಡಿಸಿದಾಗ ಅವಳು ಬಿಸಿಲಿಗೆ ಬಂದರೆ ನೆರಳು ಹುಡುಕುತ್ತಿದ್ದಳು, ಫ್ಯಾನಿನ ಕೆಳಗೆ ಮೈ ನಡುಗಿಸುತ್ತಿದ್ದಳು, ಹುಲ್ಲು ತಾಗಿದರೆ ಹೊಟ್ಟೆ ಕೆಂಪಾಗಿ ಕೆರೆದುಕೊಳ್ಳುತ್ತಿದ್ದಳು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದ. ಬೋಳಿಸಿದರೆ ತಂಪಾಗುತ್ತದೆ ಅನ್ನುವುದು ನಮ್ಮ ಸಮಾಧಾನಕ್ಕೆ ಅಷ್ಟೇ.

ಪಪ್ಪಿ ಕಟ್‌ನಲ್ಲಿ ಇನ್ನೊಂದು ಲಾಭ ಇದೆ, ಅದು ಬಾಯಿಯದು. ಯಾರ್ಕಿಗಳಿಗೆ ಒಸಡಿನ ರೋಗ ಬೇಗ ಬರುತ್ತದೆ. ಹಾಲುಹಲ್ಲು ಬೀಳದೆ ಪಕ್ಕದಲ್ಲೇ ಇನ್ನೊಂದು ಹಲ್ಲು ಬರುವುದೂ ಉಂಟು. ಗಡ್ಡ ಚಿಕ್ಕದಿದ್ದರೆ ದಿನಾ ಹಲ್ಲು ಉಜ್ಜುವುದು ಸಲೀಸು, ಅನ್ನ ಮೊಸರು ಮೆತ್ತಿಕೊಂಡು ವಾಸನೆ ಬರುವುದೂ ಇಲ್ಲ. ಟೂತ್‌ಪೇಸ್ಟ್ ಮಾತ್ರ ನಾಯಿಗಳದ್ದೇ ಆಗಿರಲಿ. ನಮ್ಮ ಪೇಸ್ಟ್‌ನಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಇದ್ದರೆ ನಾಯಿಗೆ ಅದು ವಿಷ.

ಉದ್ದ ಕೂದಲು ಕಳೆದರೆ ತಳಿಯ ಅಂದವೇ ಹೋಯಿತು ಅಂತ ಬೇಸರ ಪಡುವವರಿದ್ದಾರೆ. ಆದರೆ ಈ ತಳಿ ಬೆಳೆದದ್ದು 19ನೇ ಶತಮಾನದ ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ, ಇಲಿ ಹಿಡಿಯುತ್ತಾ. ಎರಡನೇ ಮಹಾಯುದ್ಧದಲ್ಲಿ ಸ್ಮೋಕಿ ಎಂಬ ಯಾರ್ಕಿ, ಎರಡು ಕೆಜಿಯೂ ಇಲ್ಲದ ನಾಯಿ, ಫಿಲಿಪೈನ್ಸ್‌ನ ಲುಜಾನ್‌ನಲ್ಲಿ ಸುಮಾರು 70 ಅಡಿ ಉದ್ದದ ಮೋರಿ ಪೈಪಿನೊಳಗೆ ತೂರಿ ಟೆಲಿಫೋನ್ ತಂತಿ ಎಳೆದು ತಂದಿತ್ತು. ಮಣ್ಣು ಕೆದಕಿ ಓಡಾಡಿದರೇ ಇವುಗಳಿಗೆ ಖುಷಿ.

ಪಾರ್ಲರ್ ಅಥವಾ ಮನೆ ಅಂದರೆ, ನಾವು ಎರಡನ್ನೂ ಬೆರೆಸಿದ್ದೇವೆ. ಮೈ ಕಟ್ಟಿಂಗ್ ಪಾರ್ಲರಿನಲ್ಲಿ. ಕಣ್ಣಿನ ಸುತ್ತ, ಪಾದದ ಕೆಳಗೆ, ಬಾಲದ ಕೆಳಗೆ ಮನೆಯಲ್ಲೇ, ತುದಿ ಮೊಂಡಾದ ಕತ್ತರಿಯಲ್ಲಿ. ಪಾರ್ಲರಿನಲ್ಲಿ ‘ಶಾರ್ಟ್ ಮಾಡಿ’ ಅಂತ ಮಾತ್ರ ಹೇಳಬೇಡಿ, ಒಬ್ಬೊಬ್ಬರ ಶಾರ್ಟ್ ಒಂದೊಂದು ಅಳತೆ. ಮೈಮೇಲೆ ಒಂದಿಂಚು ಉಳಿಸಿ, ಕಂಕುಳು ಮತ್ತು ಹೊಟ್ಟೆ ಇನ್ನೂ ಚಿಕ್ಕದು, ಕಿವಿಯ ಮೇಲಿನ ಮೂರನೇ ಒಂದು ಭಾಗ ಪೂರ್ತಿ ನುಣ್ಣಗೆ ಅಂತ ಬಿಡಿಸಿ ಹೇಳಿ. ಕಿವಿತುದಿಯಲ್ಲಿ ಕೂದಲು ಭಾರವಾದರೆ ನೆಟ್ಟಗಿರಬೇಕಾದ ಕಿವಿ ಜೋಲುತ್ತದೆ. ಮರಿಗಳಲ್ಲಂತೂ ಇದನ್ನು ಮರೆಯಲೇಬಾರದು.