ಕ್ಲಸ್ಟರ್ ತಲೆನೋವಿಗೆ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಸಾಕಾ? ಬೇರೆ ಮದ್ದುಗಳ ಜೊತೆ ಇಟ್ಟು ನೋಡಿದ್ದು

ಕ್ಲಸ್ಟರ್ ತಲೆನೋವು ಅಂದರೆ ಒಂದೇ ಬದಿಯ ಕಣ್ಣಿನ ಹಿಂದೆ, ಸರದಿ ಸರದಿಯಾಗಿ ಬರುವ ಜೋರು ನೋವು. ಅದು ಬಂದಾಗ ಮೂಗು ಸುಮ್ನೆ ಇರುವುದಿಲ್ಲ. ನೋವಿರುವ ಕಡೆಯ ಹೊಳ್ಳೆ ಕಟ್ಟುತ್ತದೆ, ಇಲ್ಲವೇ ನೀರು ಸುರಿಸುತ್ತದೆ. ಅದೇ ಕಡೆಯ ಕಣ್ಣು ಕೆಂಪಾಗುತ್ತದೆ, ರೆಪ್ಪೆ ಜೋಲುತ್ತದೆ. ನೋಡಿದವರಿಗೆ ಮೊದಲು ಹೊಳೆಯುವುದು ಸೈನಸ್. ಕಾಸರಗೋಡಿನ ಬದಿಯಡ್ಕದ ಕಡೆಯ ನಮ್ಮಂಥ ಅಡಿಕೆ ಬೆಳೆಯುವ ಮನೆಗಳಲ್ಲಂತೂ ಕೇಳುವುದೇ ಬೇಡ. ನನಗೆ ನೋವು ಶುರುವಾದದ್ದೇ ಅಡಿಕೆ ಸುಲಿಯುವ ಕಾಲದಲ್ಲಿ. "ಇದು ಧೂಳಿನ ಅಲರ್ಜಿ, ಮೂಗಿಗೆ ಸ್ಪ್ರೇ ಬಿಡಿ, ಸರಿಯಾಗ್ತದೆ" ಅಂತ ಮನೆಗೆ ಬಂದವರೆಲ್ಲ ಹೇಳುತ್ತಿದ್ದರು. ಕಿವಿ, ಮೂಗು, ಗಂಟಲಿನ ಡಾಕ್ಟರೂ ಅದನ್ನೇ ಬರೆದುಕೊಟ್ಟರು. ಮುಂದೆ ಮಂಗಳೂರಿನ ನರರೋಗ ತಜ್ಞರು ಕಾಯಿಲೆಯ ಹೆಸರು ಹೇಳಿದರು. ಆಮೇಲೆ ಬೇರೆ ಮದ್ದುಗಳೂ ಒಂದೊಂದಾಗಿ ಮನೆಗೆ ಬಂದವು.

ಮೊದಲು ಸ್ಪ್ರೇಯ ವಿಷಯ. ಫ್ಲೂಟಿಕಸೋನ್, ಆಮೇಲೆ ಮೊಮೆಟಾಸೋನ್, ಎರಡನ್ನೂ ಡಾಕ್ಟರು ಹೇಳಿದಂತೆ ದಿನವೂ ತಪ್ಪದೆ ಬಳಸಿದೆ. ಸೀನು ನಿಂತಿತು. ಅಡಿಕೆ ರಾಶಿಯ ಪಕ್ಕ ಕೂತರೂ ಮೂಗು ತುರಿಸುತ್ತಿರಲಿಲ್ಲ. ಹಗಲು ಎರಡೂ ಹೊಳ್ಳೆ ತೆರೆದೇ ಇರುತ್ತಿದ್ದವು. ಆದರೆ ರಾತ್ರಿ ನಿದ್ದೆ ಹತ್ತಿ ಸ್ವಲ್ಪ ಹೊತ್ತಿಗೆ, ಅದೇ ಗಂಟೆಗೆ, ಅದೇ ಬಲಗಣ್ಣಿನ ಹಿಂದೆ ನೋವು ಏಳುತ್ತಿತ್ತು. ಜೋರು ಒಂದು ಚೂರೂ ತಗ್ಗಲಿಲ್ಲ. ಮೈಗ್ರೇನ್ ಇರುವವರು ಕತ್ತಲೆ ಕೋಣೆ ಹುಡುಕಿ ಮಲಗುತ್ತಾರೆ. ಇದರಲ್ಲಿ ಮಲಗಲು ಆಗುವುದೇ ಇಲ್ಲ. ಜಗಲಿಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಇರಬೇಕು.

ಅಲರ್ಜಿಗೆ ಅಷ್ಟು ಚೆನ್ನಾಗಿ ಹಿಡಿದ ಮದ್ದು ಇದಕ್ಕೆ ಯಾಕೆ ಹಿಡಿಯಲಿಲ್ಲ? ಇಲ್ಲಿ ಮೂಗು ಕಟ್ಟುವುದು ನೋವಿಗೆ ಕಾರಣ ಅಲ್ಲ, ನೋವಿನ ಜೊತೆಗೆ ಬರುವ ಪರಿಣಾಮ. ಮುಖದ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ನರ ಕೆರಳುತ್ತದೆ. ಅದರಿಂದ ಮೂಗಿನ ಹಿಂದಿರುವ ಒಂದು ನರಗಂಟಿಗೆ ಸುದ್ದಿ ಹೋಗಿ, ಕಣ್ಣು ನೀರಾಡುತ್ತದೆ, ಮೂಗಿನ ಒಳಪೊರೆ ಊದಿಕೊಳ್ಳುತ್ತದೆ. ಗಡಿಯಾರ ನೋಡಿದ ಹಾಗೆ ಹೊತ್ತಿಗೆ ಸರಿಯಾಗಿ ಬರುವುದಕ್ಕೆ ಮಿದುಳಿನ ಹೈಪೋಥಲಾಮಸ್ ಎಂಬ ಭಾಗದ ಕೈವಾಡ ಇದೆ. ಸ್ಪ್ರೇ ಕೆಲಸ ಮಾಡುವುದು ಮೂಗಿನ ಒಳಪೊರೆಯಲ್ಲಿ ಮಾತ್ರ. ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಅಲರ್ಜಿಯವರು ವರ್ಷಗಟ್ಟಲೆ ಬಳಸಬಹುದಾದದ್ದು ಅದಕ್ಕೇ. ಕ್ಲಸ್ಟರಿನವರಿಗೆ ಉಪಯೋಗಕ್ಕೆ ಬಾರದಿರುವುದೂ ಅದಕ್ಕೇ. ಸಾಲದ್ದಕ್ಕೆ, ಸ್ಪ್ರೇ ಪೂರ್ತಿ ಹಿಡಿಯಲು ಕೆಲವು ದಿನ ಬೇಕು. ಕ್ಲಸ್ಟರ್ ನೋವು ಒಂದು ಸಲ ಬಂದರೆ ಇರುವುದು 15 ನಿಮಿಷದಿಂದ 3 ಗಂಟೆ. ನೋವು ಎದ್ದ ಮೇಲೆ ಸ್ಪ್ರೇ ಒತ್ತಿ ಪ್ರಯೋಜನ ಇಲ್ಲ.

"ನನಗೆ ಸ್ಪ್ರೇಯಿಂದಲೇ ಗುಣವಾಯಿತು" ಎನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ. ಈ ಕಾಯಿಲೆ ಹೆಚ್ಚಿನವರಲ್ಲಿ ಕೆಲವು ವಾರದಿಂದ ಮೂರು ತಿಂಗಳ ತನಕ ಕಾಡಿ, ತಾನಾಗಿಯೇ ಹೊರಟುಹೋಗುತ್ತದೆ. ಆಗ ಕೈಯಲ್ಲಿ ಯಾವ ಮದ್ದು ಇತ್ತೋ ಹೆಸರು ಅದಕ್ಕೆ. ನನ್ನ ಮೊದಲ ಸರದಿಯೂ ಸ್ಪ್ರೇ ಬಳಸುತ್ತಿರುವಾಗಲೇ ಮುಗಿದಿತ್ತು. ಆದರೆ ಸ್ಪ್ರೇ ಬಿಡದಿದ್ದರೂ ಮುಂದಿನ ಸರದಿ ಬಂತು. ಅದೂ ಜಡಿಮಳೆಯಲ್ಲಿ, ಅಡಿಕೆ ಧೂಳಿನ ಸುಳಿವೇ ಇಲ್ಲದಾಗ. ನನ್ನ ಮಟ್ಟಿಗೆ ಆ ಪ್ರಶ್ನೆ ಅಲ್ಲಿಗೆ ತೀರ್ಮಾನವಾಯಿತು.

ಇನ್ನು ಆಮ್ಲಜನಕ. ನನಗೆ ಎಲ್ಲಕ್ಕಿಂತ ಜಾಸ್ತಿ ನೆರವಾದದ್ದು ಇದು. ಚೀಲ ಇರುವ ಮಾಸ್ಕ್ ಹಾಕಿ, ನಿಮಿಷಕ್ಕೆ 12ರಿಂದ 15 ಲೀಟರಿನಂತೆ, ಮುಂದಕ್ಕೆ ಬಾಗಿ ಕೂತು ಉಸಿರೆಳೆಯಬೇಕು. ಕಾಲು ಗಂಟೆಯೊಳಗೆ ನೋವು ಇಳಿಯುತ್ತದೆ. 2009ರಲ್ಲಿ ಬ್ರಿಟನ್ನಿನಲ್ಲಿ ಇದನ್ನು ಬರೀ ಗಾಳಿಯ ಜೊತೆ ಹೋಲಿಸಿ ನೋಡಿದ್ದರು. 15 ನಿಮಿಷದಲ್ಲಿ ಆಮ್ಲಜನಕಕ್ಕೆ 100ರಲ್ಲಿ 78 ಸಲ ನೋವು ಹೋಯಿತು, ಗಾಳಿಗೆ 20 ಸಲ ಮಾತ್ರ. ನೋವು ಶುರುವಾದ ಕೂಡಲೇ ಹಾಕಿಕೊಳ್ಳಬೇಕು. ತಡ ಮಾಡಿದರೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಕಷ್ಟ ಇರುವುದು ಸಾಮಾನು ಹೊಂದಿಸುವುದರಲ್ಲಿ. ಕರೆಂಟಿನಲ್ಲಿ ನಡೆಯುವ ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ 5 ಲೀಟರ್ ಕೊಡುತ್ತವೆ. ಅದು ಸಾಕಾಗುವುದಿಲ್ಲ. ನಮ್ಮಲ್ಲಿ ಮಳೆಗಾಲದ ರಾತ್ರಿ ಕರೆಂಟ್ ಇರುತ್ತದೆ ಅಂತ ನಂಬುವ ಹಾಗೂ ಇಲ್ಲ. ಸಿಲಿಂಡರೇ ಬೇಕು. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. 12 ಲೀಟರಿನಂತೆ ಕಾಲು ಗಂಟೆಗೆ 180 ಲೀಟರ್ ಬೇಕು, ಅಂದರೆ ಎಂಟು ಸಲಕ್ಕೆ ಖಾಲಿ. ದಿನಕ್ಕೆ ಎರಡು ಮೂರು ಸಲ ನೋವು ಬರುವವರಿಗೆ 7,000 ಲೀಟರಿನ ಡಿ ಟೈಪ್ ಒಳ್ಳೆಯದು. ರೆಗ್ಯುಲೇಟರ್ 15 ಲೀಟರಿನದ್ದೇ ಅಂತ ಕೇಳಿ ತನ್ನಿ. ಒಲೆ, ದೀಪ, ಬೀಡಿ ಇರುವಲ್ಲಿ ಸಿಲಿಂಡರ್ ಇಡಬೇಡಿ. 2020ರ ಲಾಕ್‌ಡೌನಿನಲ್ಲಿ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನಮಗೆಲ್ಲ ಗೊತ್ತು. ಬೇಕಾದದ್ದು ಮನೆಯಲ್ಲೇ ಇರಲಿ ಎಂದು ನಾನು ಹೇಳುವುದು ಅದಕ್ಕೆ.

ಸುಮಾಟ್ರಿಪ್ಟಾನ್ ಎಂಬ ಮದ್ದೂ ಮೂಗಿನ ಸ್ಪ್ರೇಯಾಗಿ ಬರುತ್ತದೆ. ಜನ ತಪ್ಪು ತಿಳಿಯುವುದು ಇಲ್ಲೇ. ಬಾಟಲಿ ನೋಡಲು ಒಂದೇ ಥರ, ಒಳಗಿರುವುದು ಬೇರೆಯೇ. ಇದು ಸ್ಟೀರಾಯ್ಡ್ ಅಲ್ಲ. ಮೂಗಿನಿಂದ ರಕ್ತಕ್ಕೆ ಸೇರಿ ನೋವನ್ನೇ ತಡೆಯುತ್ತದೆ. ನೋವಿನ ಕಡೆ ಕಟ್ಟಿರುವುದರಿಂದ ಇನ್ನೊಂದು ಹೊಳ್ಳೆಗೆ ಬಿಡಬೇಕು. ನನಗೆ ಇದು ನಿಧಾನವಾಗಿ ಹಿಡಿಯಿತು. ಚರ್ಮದಡಿಗೆ ಚುಚ್ಚುವ 6 ಮಿಲಿಗ್ರಾಂ ಇಂಜೆಕ್ಷನ್ ತುಂಬಾ ಬೇಗ ಹಿಡಿಯುತ್ತದೆ, ಆದರೆ ದಿನಕ್ಕೆ ಎರಡಕ್ಕಿಂತ ಜಾಸ್ತಿ ಕೂಡದು. ನಮ್ಮೂರಿನ ಮದ್ದಿನಂಗಡಿಯಲ್ಲಿ ಸಿಗದೆ ಮಂಗಳೂರಿನಿಂದ ತರಿಸಬೇಕಾಯಿತು. ಹೃದಯದ ಕಾಯಿಲೆ ಇರುವವರು ಸುಮಾಟ್ರಿಪ್ಟಾನ್ ಮುಟ್ಟಲೇಬಾರದು. ಆಮ್ಲಜನಕಕ್ಕೆ ಆ ಭಯ ಇಲ್ಲ. ನಾನು ಮೊದಲು ಮಾಸ್ಕಿಗೆ ಕೈ ಹಾಕುವುದು ಅದಕ್ಕೆ.

ಹಾಗಾದರೆ ಸ್ಟೀರಾಯ್ಡಿಗೆ ಇಲ್ಲಿ ಜಾಗವೇ ಇಲ್ಲವಾ? ಇದೆ, ಆದರೆ ಮೂಗಿನ ದಾರಿಯಲ್ಲಿ ಅಲ್ಲ. ಗುಳಿಗೆಯಾಗಿ ಹೊಟ್ಟೆಗೆ, ಇಲ್ಲವೇ ತಲೆಯ ಹಿಂಭಾಗದ ನರದ ಹತ್ತಿರ ಇಂಜೆಕ್ಷನ್ನಾಗಿ. 2021ರಲ್ಲಿ ಪ್ರಕಟವಾದ ಜರ್ಮನಿಯ ಪರೀಕ್ಷೆಯಲ್ಲಿ 100 ಮಿಲಿಗ್ರಾಂ ಪ್ರೆಡ್ನಿಸೋನ್‌ನಿಂದ ಶುರುಮಾಡಿ ಇಳಿಸುತ್ತಾ ಬಂದಿದ್ದರು. ಮೊದಲ ವಾರದಲ್ಲಿ ಅವರಿಗೆ ನೋವು ಬಂದದ್ದು ಸರಾಸರಿ 7.1 ಸಲ, ಮದ್ದಿಲ್ಲದ ಖಾಲಿ ಗುಳಿಗೆ ತಿಂದವರಿಗೆ 9.5 ಸಲ. ನನಗೆ ಗುಳಿಗೆ ಶುರುಮಾಡಿದ ಮೇಲೆ ರಾತ್ರಿ ನಿದ್ದೆ ಬಂತು. ಆ ನೆಮ್ಮದಿ ಎಂಥದ್ದು ಅಂತ ಅನುಭವಿಸಿದವರಿಗೇ ಗೊತ್ತು. ಪ್ರಮಾಣ ಇಳಿಸುತ್ತಾ ಬಂದಾಗ ನೋವು ಮತ್ತೆ ತಲೆ ಹಾಕಿತು. ಸಕ್ಕರೆ ಏರುತ್ತದೆ, ಪದೇ ಪದೇ ತಿಂದರೆ ಮೂಳೆಗೆ ಪೆಟ್ಟು. ಡಾಕ್ಟರು ಇದನ್ನು ಕೊಡುವುದು ವೆರಪಾಮಿಲ್ ಹಿಡಿಯುವ ತನಕ ದಿನ ದೂಡಲಿಕ್ಕೆ. ಸರದಿ ಮುಗಿಯುವ ತನಕ ನೋವನ್ನು ಹತ್ತಿಕ್ಕುವ ಮುಖ್ಯ ಮದ್ದು ವೆರಪಾಮಿಲ್. ಪ್ರಮಾಣ ಏರಿಸುವಾಗೆಲ್ಲ ಇಸಿಜಿ ತೆಗೆಯಬೇಕು, ಮಲಬದ್ಧತೆ ಸಹಿಸಿಕೊಳ್ಳಬೇಕು.

ಸ್ಟೀರಾಯ್ಡ್ ಸ್ಪ್ರೇಯನ್ನು ನಾನು ಈಗಲೂ ಅಡಿಕೆ ಸುಲಿಯುವ ಕಾಲದಲ್ಲಿ ಬಳಸುತ್ತೇನೆ, ಸೀನಿಗೆ. ಮೂಗಿನ ನಡುವಿನ ಗೋಡೆಗೆ ತಾಗದ ಹಾಗೆ ಹೊರಬದಿಗೆ ತಿರುಗಿಸಿ ಬಿಡಬೇಕು, ಇಲ್ಲದಿದ್ದರೆ ರಕ್ತ ಬರುತ್ತದೆ. ತಲೆನೋವಿನ ಮದ್ದಿನ ಪಟ್ಟಿಯಲ್ಲಿ ಅದು ಇಲ್ಲ.

ಇನ್ನೊಂದು ಮಾತು. ಕೆಲವರಿಗೆ ಇದೇ ಥರ ಒಂದೇ ಬದಿ ನೋವು, ಕಣ್ಣೀರು, ಮೂಗು ಕಟ್ಟುವುದು ಎಲ್ಲ ಇರುತ್ತದೆ. ಆದರೆ ನೋವು 2ರಿಂದ 30 ನಿಮಿಷಕ್ಕೆ ಮುಗಿಯುತ್ತದೆ, ದಿನಕ್ಕೆ ಐದಾರು ಸಲಕ್ಕಿಂತ ಜಾಸ್ತಿ ಬರುತ್ತದೆ. ಆಮ್ಲಜನಕಕ್ಕೂ ಬಗ್ಗುವುದಿಲ್ಲ. ಅದು ಪ್ಯಾರಾಕ್ಸಿಸ್ಮಲ್ ಹೆಮಿಕ್ರೇನಿಯಾ ಎಂಬ ಬೇರೆ ಕಾಯಿಲೆ ಇರಬಹುದು. ಅದಕ್ಕೆ ಇಂಡೋಮೆಥಸಿನ್ ಎಂಬ ಗುಳಿಗೆ ಪೂರ್ತಿ ಹಿಡಿಯುತ್ತದೆ. ನಿಮ್ಮ ನೋವು ಹೀಗಿದ್ದರೆ ಎಷ್ಟು ಹೊತ್ತಿಗೆ ಬಂತು, ಎಷ್ಟು ನಿಮಿಷ ಇತ್ತು ಎಂದು ಬರೆದಿಟ್ಟು, ಆ ಚೀಟಿ ಹಿಡಿದುಕೊಂಡೇ ನರರೋಗ ತಜ್ಞರ ಹತ್ತಿರ ಹೋಗಿ.