ನೀಲಕಂಠನ ಬಣ್ಣ, ಮೂವತ್ತೊಂದು ಡ್ರ್ಯಾಗನ್‌ಗಳ ವಂಶ: ಎರಡು ಆಟಗಳಲ್ಲಿ ತಳಿ ಬೆಳೆಸಿ ನೋಡಿದ್ದು

ಒಂದು ವರ್ಷಕ್ಕೂ ಹೆಚ್ಚು ಕಾಲದಿಂದ ನನ್ನ ಮೇಜಿನ ಮೇಲೆ ಎರಡು ಪುಸ್ತಕಗಳಿವೆ. ಗೆರೆ ಹಾಕಿದ ಪುಸ್ತಕ ಫ್ಲೈಟ್ ರೈಸಿಂಗ್‌ಗೆ, ಚೌಕುಳಿಯ ಲೆಕ್ಕದ ಪುಸ್ತಕ ಡ್ರ್ಯಾಗನ್ ಕೇವ್‌ಗೆ. ಎರಡೂ ಬ್ರೌಸರ್‌ನಲ್ಲಿ ಆಡುವ ಆಟಗಳು. ಡ್ರ್ಯಾಗನ್ ಕೇವ್ 2006ರದ್ದು, ಫ್ಲೈಟ್ ರೈಸಿಂಗ್ 2013ರದ್ದು. ಎರಡರಲ್ಲೂ ಡ್ರ್ಯಾಗನ್ ಸಾಕಬೇಕು, ಜೋಡಿ ಕೂಡಿಸಬೇಕು, ಮೊಟ್ಟೆ ಒಡೆಯುವವರೆಗೆ ಕಾಯಬೇಕು. ಇಷ್ಟು ಕೇಳಿದವರಿಗೆ ಎರಡೂ ಒಂದೇ ಅನ್ನಿಸುತ್ತದೆ. ನಮ್ಮ ಚಿಕ್ಕಪ್ಪನ ಮಗಳಿಗೂ ಹಾಗೇ ಅನ್ನಿಸಿ, "ಅಕ್ಕಾ, ಪ್ರಾಜೆಕ್ಟ್ ಅಂತ ಒಂದು ಹಿಡಿಯೋದಾದ್ರೆ ಯಾವುದ್ರಲ್ಲಿ ಹಿಡೀಲಿ?" ಎಂದು ಕೇಳಿದಳು. ಪ್ರಾಜೆಕ್ಟ್ ಅಂದರೆ ಬೇಕಾದ ರೂಪವೋ ವಂಶವೋ ಸಿಗುವವರೆಗೆ ತಲೆಮಾರುಗಟ್ಟಲೆ ತಳಿ ಬೆಳೆಸುವುದು. ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಫ್ಲೈಟ್ ರೈಸಿಂಗ್‌ನಲ್ಲಿ ನಾನು ಹಿಡಿದದ್ದು ನೀಲಕಂಠ ಪಕ್ಷಿಯ ಬಣ್ಣ. ನಮ್ಮ ರಾಜ್ಯಪಕ್ಷಿ ತಂತಿಯ ಮೇಲೆ ಕೂತಾಗ ಮಂಕು ಕಂದು, ರೆಕ್ಕೆ ಬಿಚ್ಚಿದರೆ ಕಣ್ಣು ಕೋರೈಸುವ ನೀಲಿ. ಆಟದಲ್ಲಿ ಪ್ರತಿ ಡ್ರ್ಯಾಗನ್‌ಗೂ ಮೂರು ಬಣ್ಣ: ಮೈಯದ್ದು, ರೆಕ್ಕೆಯದ್ದು, ಮೂರನೆಯದು ಹೊಟ್ಟೆ ಅಥವಾ ಮುಳ್ಳಿನಂಥ ಅಲಂಕಾರದ್ದು. ಕಂದು ಮೈ, ನೀಲಿ ರೆಕ್ಕೆ, ಹೊಟ್ಟೆಗೆ ನಸು ನೇರಳೆ ಎಂದು ಮೊದಲ ಪುಟದಲ್ಲಿ ಬರೆದುಕೊಂಡೆ. ಬರೆಯುವುದಕ್ಕೆ ಒಂದು ನಿಮಿಷ ಹಿಡಿಯಿತು, ಮರಿ ಕೈಗೆ ಬರುವುದಕ್ಕೆ ಎಂಟು ತಿಂಗಳು.

ಆಟದಲ್ಲಿರುವ 177 ಬಣ್ಣಗಳನ್ನು ಒಂದು ಚಕ್ರದಂತೆ ಜೋಡಿಸಿದ್ದಾರೆ. ಅಪ್ಪನ ಮೈಬಣ್ಣ ಚಕ್ರದಲ್ಲಿ ಒಂದು ಕಡೆ, ಅಮ್ಮನದು ಇನ್ನೊಂದು ಕಡೆ ಇದ್ದರೆ, ಮರಿಯ ಮೈಬಣ್ಣ ಅವೆರಡರ ನಡುವೆ ಹತ್ತಿರದ ದಾರಿಯಲ್ಲಿ ಬರುವ ಯಾವುದಾದರೂ ಒಂದು. ರೆಕ್ಕೆಗೂ ಮೂರನೆಯ ಬಣ್ಣಕ್ಕೂ ಇದೇ ನಿಯಮ, ಒಂದೊಂದಕ್ಕೂ ಬೇರೆ ಬೇರೆಯಾಗಿ. ಹಾಗಾಗಿ ಕಂದು ಅಪ್ಪನಿಗೆ ನೀಲಿ ಅಮ್ಮನನ್ನು ತಂದರೆ ಕಂದು ಮೈ ನೀಲಿ ರೆಕ್ಕೆಯ ಮರಿ ಆಗುವುದಿಲ್ಲ. ಅಪ್ಪ ಅಮ್ಮ ಇಬ್ಬರ ಮೈಯೂ ಕಂದಿನ ಆಸುಪಾಸಿನಲ್ಲಿರಬೇಕು, ಇಬ್ಬರ ರೆಕ್ಕೆಯೂ ನೀಲಿಯ ಆಸುಪಾಸಿನಲ್ಲಿರಬೇಕು.

ಇಲ್ಲಿ ಗುಣಾಕಾರ ಬೇಕೇ ಬೇಕು. ನನ್ನ ಮೊದಲ ಜೋಡಿಯಲ್ಲಿ ಮೈಗೆ 14 ಬಣ್ಣದ ಹರವು, ರೆಕ್ಕೆಗೆ 20, ಹೊಟ್ಟೆಗೆ 11. ಗುಣಿಸಿದರೆ 3080. ನನಗೆ ಬೇಕಾದ ಮೂರೂ ಬಣ್ಣ ಒಂದೇ ಮರಿಯಲ್ಲಿ ಕೂಡುವ ಸಾಧ್ಯತೆ ಅಷ್ಟರಲ್ಲಿ ಒಂದು. ಒಂದು ಗೂಡಿಗೆ ಹೆಚ್ಚಾಗಿ ಎರಡು ಮೂರು ಮೊಟ್ಟೆ, ಮೊಟ್ಟೆಗೆ ಐದು ದಿನ ಕಾವು, ಆಮೇಲೆ ಆ ಜೋಡಿಗೆ ವಿಶ್ರಾಂತಿ. ಇದೇ ಜೋಡಿಯನ್ನು ನಂಬಿಕೊಂಡು ಕೂತರೆ ಆಯಸ್ಸು ಸಾಲದು ಎಂದು ಆ ಪುಟದಲ್ಲೇ ಗೊತ್ತಾಯಿತು. ಆದ್ದರಿಂದ ಮಾಡಬೇಕಾದ ಕೆಲಸ ಒಂದೇ: ಹರವನ್ನು ಕಿರಿದು ಮಾಡುತ್ತಾ ಹೋಗುವುದು. ಒಂದು ಜೋಡಿಯ ಮರಿಗಳಲ್ಲಿ ಗುರಿಗೆ ಹತ್ತಿರದ್ದನ್ನು ಇಟ್ಟುಕೊಳ್ಳಬೇಕು, ಸಂಬಂಧವೇ ಇಲ್ಲದ ಇನ್ನೊಂದು ಜೋಡಿಯ ಹತ್ತಿರದ ಮರಿಯನ್ನು ಅದಕ್ಕೆ ತರಬೇಕು. ಸಂಬಂಧವೇ ಇಲ್ಲದ ಎಂದು ಒತ್ತಿ ಹೇಳಲು ಕಾರಣವಿದೆ. ಐದು ತಲೆಮಾರಿನೊಳಗೆ ಇಬ್ಬರಿಗೂ ಒಬ್ಬನೇ ಪೂರ್ವಿಕ ಇದ್ದರೆ ಆಟ ಜೋಡಿ ಕೂಡಲು ಬಿಡುವುದಿಲ್ಲ. ನಾಲ್ಕು ಬೇರೆ ಬೇರೆ ಜೋಡಿಗಳಿಂದ ಶುರು ಮಾಡಿದೆ. ಎರಡನೇ ಹಂತದಲ್ಲಿ ಎರಡು ಜೋಡಿ ಉಳಿದವು. ಕೊನೆಯ ಜೋಡಿಯಲ್ಲಿ ಹರವು 3, 4, 2, ಅಂದರೆ 24ರಲ್ಲಿ ಒಂದು. ಆ ಜೋಡಿಯ ಆರನೇ ಗೂಡಿನಲ್ಲಿ, ಹದಿನೇಳನೇ ಮರಿಯಾಗಿ ನನ್ನ ನೀಲಕಂಠ ಹುಟ್ಟಿತು.

ಇಷ್ಟು ಹೊತ್ತಿಗೆ ಕಲಿತ ಎರಡು ಮಾತು ತಂಗಿಗೆ ಖಂಡಿತ ಬೇಕಾಗುತ್ತವೆ. ಮೊದಲನೆಯದು ತಳಿಯ ವಿಷಯ. ಕೊನೆಗೆ ನನಗೆ ಬೇಕಾಗಿದ್ದುದು ಗರಿಗಳಿರುವ ಸ್ಕೈಡ್ಯಾನ್ಸರ್. ಆದರೆ ಅಪರೂಪದ ತಳಿಯಾದಷ್ಟೂ ಒಂದು ಗೂಡಿನಿಂದ ಇನ್ನೊಂದು ಗೂಡಿಗೆ ಕಾಯುವ ದಿನ ಹೆಚ್ಚು, 15ರಿಂದ 35 ದಿನದವರೆಗೆ. ಹಾಗಾಗಿ ನಡುವಿನ ತಲೆಮಾರುಗಳನ್ನೆಲ್ಲ 15 ದಿನದ ಟಂಡ್ರಾ ತಳಿಯಲ್ಲೇ ನಡೆಸಿದೆ. ಬೇಕಾದ ಬಣ್ಣ ಸಿಕ್ಕ ಮೇಲೆ ತಳಿ ಬದಲಿಸುವ ಸುರುಳಿ ಎಂಬ ಆಟದ ವಸ್ತುವನ್ನು ಕೊಂಡು ಸ್ಕೈಡ್ಯಾನ್ಸರ್ ಮಾಡಿದೆ. ಎರಡನೆಯದು ಜೀನ್‌ಗಳದ್ದು. ಇರಿಡಿಸೆಂಟ್, ಶಿಮ್ಮರ್‌ನಂಥ ಮೆರುಗಿನ ಜೀನ್‌ಗಳನ್ನು ಸುರುಳಿಯಿಂದ ಯಾವಾಗ ಬೇಕಾದರೂ ಹಾಕಬಹುದು, ಬಣ್ಣವನ್ನು ಹಾಗೆ ಆರಿಸಿ ಹಾಕಲು ಬರುವುದಿಲ್ಲ. ಮರಿ ಮಾಡಿಸುವ ತಾಳ್ಮೆಯನ್ನೆಲ್ಲ ಬಣ್ಣಕ್ಕೆ ಇಡಬೇಕು, ಜೀನ್‌ಗೆ ಹಣ ಕೂಡಿಡಬೇಕು. ಕಣ್ಣಿನ ಬಣ್ಣ ಮರಿ ಯಾರ ಗೂಡಿನಲ್ಲಿ ಹುಟ್ಟುತ್ತದೋ ಅವರ ಪಂಗಡದ್ದು. ಹನ್ನೊಂದು ಪಂಗಡಗಳಲ್ಲಿ ನಾನು ಭೂಮಿಯ ಕಡೆಯವಳಾದ್ದರಿಂದ ನೀಲಕಂಠನಿಗೆ ಕಂದು ಕಣ್ಣು ತಾನಾಗಿಯೇ ಬಂತು.

ಇಷ್ಟೆಲ್ಲ ಯಾಕೆ, ಕೊಂಡುಬಿಡಬಹುದಲ್ಲ ಎಂದು ಕೇಳಬಹುದು. ಅದನ್ನೂ ನೋಡಿದೆ. ಹರಾಜು ಮನೆಯಲ್ಲಿ ಬಣ್ಣ ಆರಿಸಿ ಹುಡುಕಬಹುದು. ಮೈ ಮತ್ತು ರೆಕ್ಕೆ ಸರಿಯಾಗಿ ಕೂಡಿದ ಮರಿಗಳು ಒಂದೆರಡು ಸಿಕ್ಕವು, ಮೂರನೆಯ ಬಣ್ಣ ಮಾತ್ರ ಎಲ್ಲೋ ಹಳದಿಯ ಕಡೆ ಇತ್ತು. ನನ್ನ ಅನುಭವದಲ್ಲಿ ಹರಾಜು ಮನೆಗೆ ಹೋಗಬೇಕಾದದ್ದು ಸಿದ್ಧ ಮರಿಗಲ್ಲ, ಒಳ್ಳೆಯ ಅಪ್ಪನಿಗೋ ಅಮ್ಮನಿಗೋ. ನನ್ನ ನಾಲ್ಕು ಸಾಲುಗಳಲ್ಲಿ ಎರಡು ಅಲ್ಲಿ ಕೊಂಡ ತಾಯಂದಿರಿಂದ ಶುರುವಾದವು, ಅದರಿಂದ ಒಂದು ಹಂತವೇ ಉಳಿಯಿತು. ಮೂರೂ ಬಣ್ಣಗಳನ್ನು ಯಾವುದು ಬರುತ್ತದೋ ಹೇಳಲಾಗದಂತೆ ಬದಲಿಸುವ ಸ್ಕ್ಯಾಟರ್‌ಸ್ಕ್ರೋಲ್ ಎಂಬುದೂ ಇದೆ. ಒಮ್ಮೆ ಬಳಸಿದೆ, ಗುರಿ ಇಟ್ಟುಕೊಂಡವರಿಗೆ ಅದು ಬೇಡ. ಸ್ಕ್ರೈಯಿಂಗ್ ವರ್ಕ್‌ಶಾಪ್ ಅನ್ನು ಮಾತ್ರ ಬಿಡಬಾರದು. ಜೋಡಿಯ ಮರಿಗಳು ಹೇಗೆ ಬರಬಹುದು ಎಂದು ಅದು ಮೊದಲೇ ಚಿತ್ರದಲ್ಲಿ ತೋರಿಸುತ್ತದೆ. ಸಂಖ್ಯೆಯಲ್ಲಿ ಸರಿ ಕಂಡ ಎರಡು ಜೋಡಿಗಳನ್ನು ನಾನು ಕೈಬಿಟ್ಟದ್ದು ಆ ಚಿತ್ರ ನೋಡಿಯೇ.

ಇನ್ನು ಡ್ರ್ಯಾಗನ್ ಕೇವ್. ಇಲ್ಲಿ ಬಣ್ಣದ ಚಕ್ರ ಇಲ್ಲ, ತಳಿ ಬದಲಿಸುವ ಸುರುಳಿ ಇಲ್ಲ. ರೆಡ್ ಡ್ರ್ಯಾಗನ್ ಎಂದರೆ ಎಲ್ಲರ ಹತ್ತಿರವೂ ಅದೇ ಕೆಂಪು. ಹಾಗಾದರೆ ಪ್ರಾಜೆಕ್ಟ್ ಎಲ್ಲಿದೆ? ವಂಶವೃಕ್ಷದಲ್ಲಿ. ಒಂದು ಡ್ರ್ಯಾಗನ್‌ನ ವಂಶ ಪುಟ ತೆರೆದರೆ ಅಪ್ಪ ಅಮ್ಮ, ಅಜ್ಜ ಅಜ್ಜಿ, ಮುತ್ತಜ್ಜಂದಿರು ಎಲ್ಲರ ಪುಟ್ಟ ಚಿತ್ರಗಳು ಸಾಲುಸಾಲಾಗಿ ನಿಲ್ಲುತ್ತವೆ. ಆ ಸಾಲುಗಳು ಒಂದು ವಿನ್ಯಾಸವಾಗಬೇಕು, ನೇಯ್ಗೆಯ ಹಾಗೆ. ನಾನು ಹಿಡಿದದ್ದು ಚೆಕರ್: ಅಪ್ಪ ಯಾವಾಗಲೂ ರೆಡ್, ಅಮ್ಮ ಯಾವಾಗಲೂ ವೈಟ್, ಪ್ರತಿ ಸಾಲಿನಲ್ಲೂ ಕೆಂಪು ಬಿಳಿ ಕೆಂಪು ಬಿಳಿ. ಅದೂ ಸಮ ಪೀಳಿಗೆಯದ್ದು, ಅಂದರೆ ಅಪ್ಪ ಅಮ್ಮ ಇಬ್ಬರೂ ಒಂದೇ ಪೀಳಿಗೆಯವರು.

ಲೆಕ್ಕ ಇಲ್ಲೂ ಇದೆ, ಆದರೆ ಬೇರೆ ಥರ. ಐದನೇ ಪೀಳಿಗೆಯ ಒಂದು ಮರಿಗೆ ಆಟ ಎಲ್ಲರಿಗೂ ಮೊಟ್ಟೆ ಇಡುವ ಗುಹೆಯಿಂದ ನೇರವಾಗಿ ತಂದ, ಅಂದರೆ ಅಪ್ಪ ಅಮ್ಮ ಇಲ್ಲದ 16 ಡ್ರ್ಯಾಗನ್ ಬೇಕು. ಅವುಗಳಿಂದ ಎರಡನೇ ಪೀಳಿಗೆಯ 8, ಆಮೇಲೆ 4, ಆಮೇಲೆ 2, ಕೊನೆಗೆ 1. ಒಟ್ಟು 31. ಆ ಎಂಟರಲ್ಲಿ ನಾಲ್ಕು ಕೆಂಪು ಗಂಡು, ನಾಲ್ಕು ಬಿಳಿ ಹೆಣ್ಣು ಆಗಬೇಕು. ಮೊಟ್ಟೆ ಅಪ್ಪನ ತಳಿಯದ್ದಾಗಬಹುದು, ಅಮ್ಮನದ್ದೂ ಆಗಬಹುದು. ಗಂಡೋ ಹೆಣ್ಣೋ ಎನ್ನುವುದು ಮರಿ ಸ್ವಲ್ಪ ಬೆಳೆದ ಮೇಲೆ ತಿಳಿಯುತ್ತದೆ. ಒಂದು ಡ್ರ್ಯಾಗನ್ ವಾರಕ್ಕೆ ಒಮ್ಮೆ ಮಾತ್ರ ಕೂಡುತ್ತದೆ. ಇಷ್ಟು ಕಷ್ಟ ಬೇಡ ಎಂದರೆ ಮೆಟ್ಟಿಲಿನ ವಿನ್ಯಾಸ ಇದೆ: ಪ್ರತಿ ಪೀಳಿಗೆಗೂ ಗುಹೆಯ ಹೊಸ ಡ್ರ್ಯಾಗನ್ ಒಂದನ್ನು ಸಂಗಾತಿಯಾಗಿ ಸೇರಿಸುತ್ತಾ ಹೋಗುವುದು. ಐದನೇ ಪೀಳಿಗೆಗೆ ಗುಹೆಯ ಐದೇ ಡ್ರ್ಯಾಗನ್ ಸಾಕು. ಮೊದಲು ಅದನ್ನೇ ಮಾಡಿದೆ, ಕೈ ಪಳಗಿತು. ಆದರೆ ಚೆಕರ್ ನೋಡಿದ ಕಣ್ಣಿಗೆ ಮೆಟ್ಟಿಲು ಸಾಲಲಿಲ್ಲ.

ಮೊಟ್ಟೆ ಸಾಕುವ ರೀತಿಯೂ ಇಲ್ಲಿ ಬೇರೆ. ಏಳು ದಿನದೊಳಗೆ ಬೇರೆಯವರು ಮೊಟ್ಟೆಯನ್ನು ತೆರೆದು ನೋಡಿ ನೋಡಿ, ಅಂದರೆ ಅವರ ಕಣ್ಣು ಬಿದ್ದು ಬಿದ್ದು ಅದು ಒಡೆಯಬೇಕು, ಇಲ್ಲದಿದ್ದರೆ ಸಾಯುತ್ತದೆ. ಕಣ್ಣು ತೀರಾ ಬೇಗ ಬೇಗ ಬಿದ್ದರೆ ಕಾಯಿಲೆ ಬೀಳುತ್ತದೆ, ಆಗ ಮಂಜು ಕವಿಸಿ ಮರೆ ಮಾಡಿ ಚೇತರಿಸಿಕೊಳ್ಳಲು ಬಿಡಬೇಕು. ಈ ಪ್ರಾಜೆಕ್ಟ್‌ಗೆ ಕೆಂಪನ್ನು ಆರಿಸಿದ್ದರಲ್ಲಿ ಒಂದು ಅನುಕೂಲವಿತ್ತು. ರೆಡ್ ಡ್ರ್ಯಾಗನ್ ಮೊಟ್ಟೆಗೆ ಶಾಖ ಕೊಟ್ಟು ಕಾಯುವ ದಿನಗಳಲ್ಲಿ ಒಂದನ್ನು ಕಡಿಮೆ ಮಾಡುತ್ತದೆ. ನನ್ನ ವೃಕ್ಷದ ಅಜ್ಜಂದಿರೇ ಮೊಮ್ಮಕ್ಕಳಿಗೆ ಕಾವು ಕೊಟ್ಟರು! ಗಂಡು ಹೆಣ್ಣಿನ ವಿಷಯಕ್ಕೆ ಪಿಂಕ್ ಡ್ರ್ಯಾಗನ್, ಮೊಟ್ಟೆ ಸಿಗದ ಜೋಡಿಗೆ ಪರ್ಪಲ್ ಡ್ರ್ಯಾಗನ್ ನೆರವಾಗುತ್ತವೆ. ಚೆಕರ್ ಹಿಡಿಯುವ ಮೊದಲು ಇವೆರಡನ್ನೂ ಒಂದಷ್ಟು ಬೆಳೆಸಿಟ್ಟುಕೊಳ್ಳುವುದು ಒಳ್ಳೆಯದು.

ಗುಹೆಯ ಮೊಟ್ಟೆ ಹಿಡಿಯುವ ಸಮಯದ್ದು ನಮಗೆ ಮಾತ್ರ ಬೇಕಾದ ವಿವರ. ಅಮೆರಿಕದ ಗಡಿಯಾರದಲ್ಲಿ ಗಂಟೆ ತುಂಬಿದಾಗ ಹೆಚ್ಚು ಮೊಟ್ಟೆಗಳು ಬೀಳುತ್ತವೆ. ನಮಗೆ ಅದು ಅರ್ಧ ಗಂಟೆಗೆ: ಆರೂವರೆ, ಏಳೂವರೆ, ಎಂಟೂವರೆ. ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಒಮ್ಮೆ, ರಾತ್ರಿ ಊಟ ಆದ ಮೇಲೆ ಒಮ್ಮೆ ನೋಡುತ್ತಿದ್ದೆ. ಫ್ಲೈಟ್ ರೈಸಿಂಗ್‌ನಲ್ಲಿ ಹೊಸ ದಿನ ಶುರುವಾಗುವುದು ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ, ಚಳಿಗಾಲದಲ್ಲಿ ಒಂದೂವರೆಗೆ. ಗೂಡಿಗೆ ಕಾವು ಕೊಡುವ ಕೆಲಸ ಊಟದ ಡಬ್ಬಿ ತೆರೆಯುವಾಗ ಮುಗಿಯುತ್ತದೆ. ಕೆಲಸಕ್ಕೆ ಹೋಗುವವರಿಗೆ ಈ ವಿಷಯದಲ್ಲಿ ಫ್ಲೈಟ್ ರೈಸಿಂಗ್ ಸುಲಭ.

ನನ್ನನ್ನು ಹೆಚ್ಚು ಅಲುಗಿಸಿದ್ದು ಮಾತ್ರ ಡ್ರ್ಯಾಗನ್ ಕೇವ್. ಏಳು ತಿಂಗಳ ಕೊನೆಗೆ ನಾಲ್ಕನೇ ಪೀಳಿಗೆಯ ಕೆಂಪು ಗಂಡು, ಬಿಳಿ ಹೆಣ್ಣು ಸಿದ್ಧವಾದವು. ಹಿಂದೆ ಇಪ್ಪತ್ತೆಂಟರ ಬಳಗ ನಿಂತಿದೆ. ಜೋಡಿ ಮಾಡಿದೆ. ಪರಸ್ಪರ ಒಪ್ಪಲಿಲ್ಲ. ಮೊಟ್ಟೆ ಬರದಿದ್ದರೆ ಮುಂದಿನ ವಾರ ಮತ್ತೆ ನೋಡಬಹುದು. ಒಪ್ಪದ ಜೋಡಿ ಮಾತ್ರ ಎಂದೆಂದಿಗೂ ಒಪ್ಪುವುದಿಲ್ಲ. ಆ ರಾತ್ರಿ ಲೆಕ್ಕದ ಪುಸ್ತಕ ಮುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಎದ್ದಾಗ ದಾರಿ ಹೊಳೆಯಿತು: ಬಿಳಿ ಹೆಣ್ಣಿನ ಅಪ್ಪ ಅಮ್ಮ ಇದ್ದಾರಲ್ಲ, ಅವರಿಂದ ಇನ್ನೊಬ್ಬ ಮಗಳು ಬಂದರೆ ವೃಕ್ಷ ಒಂದು ಚಿತ್ರವೂ ಬದಲಾಗದೆ ಉಳಿಯುತ್ತದೆ. ಐದು ವಾರ ಹಿಡಿಯಿತು. ಎರಡು ಸಲ ಕೆಂಪು ಬಂತು, ಒಂದು ಸಲ ಮೊಟ್ಟೆಯೇ ಇಲ್ಲ, ಒಂದು ಸಲ ಬಿಳಿ ಗಂಡು. ಐದನೆಯದು ಬಿಳಿ, ಬೆಳೆದಾಗ ಹೆಣ್ಣು. ಅವಳು ಒಪ್ಪಿದಳು.

ಬೇಡದ ಮರಿಗಳನ್ನು ಏನು ಮಾಡುವುದು ಎನ್ನುವ ಪ್ರಶ್ನೆಯಲ್ಲೂ ನನಗೆ ಡ್ರ್ಯಾಗನ್ ಕೇವ್ ಹಿತವೆನಿಸಿತು. ಹೆಚ್ಚಾದ ಮೊಟ್ಟೆಯನ್ನು ಬಿಟ್ಟುಕೊಟ್ಟರೆ ಅದು ಇನ್ನೊಬ್ಬರ ಕೈಯಲ್ಲಿ ಬೆಳೆಯುತ್ತದೆ. ಎಲ್ಲೋ ಯಾರದೋ ಡ್ರ್ಯಾಗನ್‌ನ ವಂಶ ಪುಟದಲ್ಲಿ ನಾನಿಟ್ಟ ಹೆಸರಿನ ಅಜ್ಜಿ ಕೂತಿರುತ್ತಾಳೆ. ಫ್ಲೈಟ್ ರೈಸಿಂಗ್‌ನಲ್ಲಿ ಜಾಗಕ್ಕೆ ಮಿತಿ ಇದೆ, ಹೆಚ್ಚು ಬೇಕಾದರೆ ಆಟದ ಹಣ ಕೊಟ್ಟು ವಿಸ್ತರಿಸಬೇಕು. ಗುರಿಗೆ ಹೊಂದದ ಮರಿಗಳನ್ನು ಮಾರಬೇಕು, ಇಲ್ಲವೇ ಎಕ್ಸಾಲ್ಟ್ ಮಾಡಿ ದೇವತೆಯ ಸೇವೆಗೆ ಕಳಿಸಬೇಕು. ಕಳಿಸಿದರೆ ಹಣ ಬರುತ್ತದೆ, ಮರಿ ಮಾತ್ರ ಹಿಂದಿರುಗುವುದಿಲ್ಲ. ಹೆಸರಿಟ್ಟ ಮೇಲೆ ಕಳಿಸುವುದು ನನ್ನಿಂದ ಆಗುವುದಿಲ್ಲವಾದ್ದರಿಂದ, ಉಳಿಸಿಕೊಳ್ಳುತ್ತೇನೆ ಎಂದು ತೀರ್ಮಾನಿಸುವವರೆಗೆ ಹೆಸರಿಡುವುದನ್ನೇ ಬಿಟ್ಟಿದ್ದೇನೆ.

ಇನ್ನೊಂದು ಎಚ್ಚರಿಕೆ. ಫ್ಲೈಟ್ ರೈಸಿಂಗ್ ಸಂಬಂಧಿಕರ ಜೋಡಿಯನ್ನು ತಾನೇ ತಡೆಯುತ್ತದೆ, ಡ್ರ್ಯಾಗನ್ ಕೇವ್ ತಡೆಯುವುದಿಲ್ಲ. ಅಲ್ಲಿ ಒಂದೇ ಅಜ್ಜ ಎರಡು ಕಡೆ ಬಂದರೆ ವಿನ್ಯಾಸ ಕೆಡುತ್ತದೆ, ಅಂಥ ಮರಿಯನ್ನು ಬದಲಿಗೆ ತೆಗೆದುಕೊಳ್ಳುವವರೂ ಕಡಿಮೆ. ಲೆಕ್ಕದ ಪುಸ್ತಕ ಬೇಕಾದದ್ದು ಮುಖ್ಯವಾಗಿ ಇದಕ್ಕೇ. ಗುಹೆಯಿಂದ ಬಂದ ದಿನವೇ ಪ್ರತಿಯೊಂದಕ್ಕೂ ಚೌಕದಲ್ಲಿ ಜಾಗ ಗೊತ್ತುಮಾಡಿ, ಆ ಜಾಗದ ಸಂಖ್ಯೆಯನ್ನು ಹೆಸರಿನ ಕೊನೆಗೆ ಸೇರಿಸುತ್ತೇನೆ.

ತಂಗಿ ಚಿತ್ರ ಬರೆಯುವವಳು, ಸೀರೆಗೆ ರವಿಕೆ ಹೊಂದಿಸಲು ಮೂರು ಅಂಗಡಿ ಸುತ್ತುವವಳು. ಅವಳು ಫ್ಲೈಟ್ ರೈಸಿಂಗ್‌ನಲ್ಲೇ ಶುರು ಮಾಡಲಿ. ನಡುವಿನ ಮರಿಗಳೂ ನೋಡಲು ಚೆಂದ, ಗುರಿ ತಲುಪದಿದ್ದರೂ ದಾರಿಯಲ್ಲಿ ಏನಾದರೂ ಸಿಗುತ್ತಲೇ ಇರುತ್ತದೆ. ಡ್ರ್ಯಾಗನ್ ಕೇವ್‌ನ ಚೆಕರ್‌ನಲ್ಲಿ ಮೊದಲ ನಾಲ್ಕೈದು ತಿಂಗಳು ಕಣ್ಣಿಗೆ ಏನೂ ಕಾಣುವುದಿಲ್ಲ, ಬರೀ ಕೆಂಪು ಬಿಳಿ ಡ್ರ್ಯಾಗನ್‌ಗಳ ಗುಂಪು. ನನಗೆ ಒಂದನ್ನೇ ಉಳಿಸಿಕೊ ಎಂದರೆ ಅದನ್ನೇ ಉಳಿಸಿಕೊಳ್ಳುತ್ತೇನೆ. ನೀಲಕಂಠನ ಬಣ್ಣ ನಾಳೆ ಇನ್ನೊಬ್ಬರ ಗೂಡಿನಲ್ಲೂ ಹುಟ್ಟಬಹುದು. ಈ ಮೂವತ್ತೊಂದು ಹೆಸರುಗಳ ಸಾಲು ಇನ್ನೆಲ್ಲೂ ಇಲ್ಲ.

ನೀಲಕಂಠನ ಒಬ್ಬ ತಮ್ಮನನ್ನು ಅವಳಿಗೆಂದೇ ತೆಗೆದಿಟ್ಟಿದ್ದೇನೆ. ಅವನ ರೆಕ್ಕೆ ಗುರಿಗಿಂತ ಎರಡು ಬಣ್ಣ ಆಚೆ ಇದೆ, ಜೊತೆಗೆ ಕೂಡಿಸಲು ಸಂಬಂಧವಿಲ್ಲದ ಹೆಣ್ಣನ್ನು ಅವಳೇ ಹುಡುಕಿಕೊಳ್ಳಬೇಕು. ನಾನು ಆರನೇ ಪೀಳಿಗೆಗೆ ಹೊರಟಿದ್ದೇನೆ. ಅದಕ್ಕೆ ಗುಹೆಯ 32 ಬೇಕು, 16 ಇವೆ. ನಿನ್ನೆ ರಾತ್ರಿ ಎಂಟೂವರೆಗೆ ಒಂದು ಬಿಳಿ ಸಿಕ್ಕಿತು, ಇವತ್ತು ಬೆಳಿಗ್ಗೆ ಆರೂವರೆಗೆ ಎರಡು ಕೆಂಪು.