ಮನೆ ಕಟ್ಟಬೇಕಾ ಬೇಡವಾ ಅಂತ ಕೇಳೋಕೇ ದುಡ್ಡು ಕೊಟ್ಟೆವು

ಪುಣೆ ಹತ್ತಿರದ ತಳೇಗಾಂವ ದಾಭಾಡೆಯಲ್ಲಿ ನಮ್ಮ ಮನೆಯ ಪ್ಲಾನ್ ಮಾಡಿದ ಆರ್ಕಿಟೆಕ್ಟ್ ದಂಪತಿಯ ಬಗ್ಗೆ ಬರೆಯಬೇಕು ಅಂತ ಗೃಹಪ್ರವೇಶ ಆದಾಗಿನಿಂದ ಅಂದುಕೊಳ್ಳುತ್ತಿದ್ದೆ. ಒಂದು ಮಳೆಗಾಲ ಕಳೆಯಲಿ ಅಂತ ತಡೆದೆ. ಈಗ ಮಳೆಗಾಲ ಕಳೆದಿದೆ. ಪಶ್ಚಿಮದ ಗೋಡೆ ಒಳಗಿನಿಂದ ಮುಟ್ಟಿ ನೋಡಿದರೆ ಒಣಗಿದೆ, ನೆಲ ಎಲ್ಲೂ ಎದ್ದಿಲ್ಲ. ಅವರದು ಗಂಡ ಹೆಂಡತಿ ಇಬ್ಬರೇ ನಡೆಸುವ ಸಣ್ಣ ಆಫೀಸು, ಜಾಹೀರಾತು ಇಲ್ಲ, ಹೆಸರು ಹಾಕೋದು ಬೇಡ ಅಂದರು. ನಿಜವಾಗಿ ಮನೆ ಕಟ್ಟೋ ಯೋಚನೆ ಇರೋರು ಕೇಳಿದರೆ ನಂಬರ್ ಕೊಡ್ತೀನಿ.

ನಾವು ಮೂಲತಃ ಗದಗ ಕಡೆಯವರು. ಪುಣೆಗೆ ಬಂದು ಇಪ್ಪತ್ತಾರು ವರ್ಷ. ಚಿಂಚ್‌ವಡ್‌ನಲ್ಲಿ ಮೂರನೇ ಮಹಡಿಯ ಫ್ಲ್ಯಾಟು, ಲಿಫ್ಟ್ ಇಲ್ಲ. ಅತ್ತೆಗೆ ಎಪ್ಪತ್ತೆಂಟು, ಎರಡೂ ಮೊಣಕಾಲು ನೋವು. ವಾರಗಟ್ಟಲೆ ಕೆಳಗೆ ಇಳಿಯದೆ ಬಾಲ್ಕನಿಯಲ್ಲೇ ಕೂತಿರುತ್ತಿದ್ದರು. ತಳೇಗಾಂವದಲ್ಲಿ ಹಿಂದೆ ತಗೊಂಡಿದ್ದ ಮೂರು ಗುಂಟೆ ಎನ್‌ಎ (ಕೃಷಿಯೇತರ) ಪ್ಲಾಟು ಇತ್ತು. ಗುಂಟೆಗೆ 1,089 ಚದರಡಿ ಲೆಕ್ಕದಲ್ಲಿ 3,267 ಚದರಡಿ. ಅಲ್ಲಿ ಕಟ್ಟೋದೋ, ಪ್ಲಾಟು ಮಾರಿ ಲಿಫ್ಟ್ ಇರೋ ಕಡೆ ಫ್ಲ್ಯಾಟು ತಗೊಳ್ಳೋದೋ ಅಂತ ಎರಡು ವರ್ಷ ಮನೆಯಲ್ಲಿ ಮಾತೇ ಮಾತು.

ಮೊದಲು ಹೋಗಿದ್ದು ಈ ದಂಪತಿ ಹತ್ತಿರ ಅಲ್ಲ. ಎಲ್ಲಾ ನಾವೇ ಮಾಡಿ ಕೀಲಿ ಕೈಗೆ ಕೊಡ್ತೀವಿ ಅನ್ನೋ ಒಂದು ಕಂಪನಿಗೆ ಹೋಗಿದ್ದೆವು. ಚದರಡಿಗೆ 1,850 ರೂಪಾಯಿ, 2,400 ಚದರಡಿಯ ಎರಡು ಮಹಡಿ ಮನೆ, 44 ಲಕ್ಷ 40 ಸಾವಿರ. ನಮ್ಮ ಕೈಯಲ್ಲಿ ಆಗೋದು 45 ಲಕ್ಷ. ಸರಿಹೊಂದಿತು ಅಂತ ಖುಷಿಯಾಗಿ ಅಡ್ವಾನ್ಸ್ ಚೆಕ್ ಬರೆಯೋಕೆ ಕೂತಿದ್ದೆವು. ಕನ್ನಡ ಸಂಘದಲ್ಲಿ ಪರಿಚಯವಾದ ಒಬ್ಬರು "ಸಹಿ ಹಾಕೋ ಮೊದಲು ಇವರಿಗೊಮ್ಮೆ ಕಾಗದ ತೋರಿಸ್ರಿ" ಅಂದರು. ಹಾಗೆ ಈ ದಂಪತಿ ಹತ್ತಿರ ಹೋದೆವು. ಬರೀ ಸಲಹೆಗೆ 20 ಸಾವಿರ ಫೀಸು. ಮುಂದೆ ಪೂರ್ತಿ ಕೆಲಸ ಅವರಿಗೇ ಕೊಟ್ಟರೆ ಅದರಲ್ಲಿ ವಜಾ. "ಬರೇ ಮಾತಾಡಾಕ ಇಪ್ಪತ್ತು ಸಾವಿರನಾ?" ಅಂತ ಅತ್ತೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆ ಆರ್ಕಿಟೆಕ್ಟ್ ಹುಡುಗಿ (ನನ್ನ ಕಣ್ಣಿಗೆ ಹುಡುಗಿಯೇ, ಮೂವತ್ತೈದು ಇರಬಹುದು) ಕಂಪನಿಯ ಕೊಟೇಶನ್ನಿನ ನಾಲ್ಕನೇ ಪುಟ ತೆಗೆದು ಪೆನ್ಸಿಲ್ ಹಿಡಿದು ಕೂತಳು. ಪೋರ್ಚು, ಬಾಲ್ಕನಿ, ಮೆಟ್ಟಿಲ ಮೇಲಿನ ಕೋಣೆ ಎಲ್ಲ ಪೂರ್ತಿ ಚದರಡಿಯಾಗಿ ಎಣಿಸಿದ್ದರು, 410 ಚದರಡಿ. ಕಾಂಪೌಂಡ್ ಗೋಡೆ, ಗೇಟು, ಸಂಪ್, ಸೆಪ್ಟಿಕ್ ಟ್ಯಾಂಕು, ಕಿಟಕಿ ಗ್ರಿಲ್, ಅಡುಗೆಮನೆ ಟ್ರಾಲಿ, ಕರೆಂಟ್ ಮೀಟರು ಯಾವುದೂ ರೇಟಿನಲ್ಲಿ ಇಲ್ಲ. ಪಾಯ ಐದು ಅಡಿಗಿಂತ ಆಳ ಹೋದರೆ ಬೇರೆ ಬಿಲ್ಲು. ಅವಳು ಒಂದೊಂದಕ್ಕೂ ಅಂದಾಜು ಬರೆದು ಕೂಡಿಸಿದಾಗ 11 ಲಕ್ಷ ಜಾಸ್ತಿ ಆಯ್ತು. ಸಾಲ ಮಾಡಿ ಅರ್ಧಕ್ಕೆ ನಿಲ್ಲೋ ಮನೆ ಅದು. ಆ ಪೆನ್ಸಿಲ್ ಲೆಕ್ಕದ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಆಮೇಲೆ ಗಂಡ ಹೆಂಡತಿ ಇಬ್ಬರೂ ಕೂತು ನಮ್ಮನ್ನು ಪ್ರಶ್ನೆ ಕೇಳಿದರು. ಕೆಲಸ ನಡೆಯುವಾಗ ಸೈಟಿನಲ್ಲಿ ದಿನಾ ಯಾರು ನಿಲ್ತೀರಿ? ಅಷ್ಟು ದಿನ ಎಲ್ಲಿ ಇರ್ತೀರಿ, ಬಾಡಿಗೆ ಎಷ್ಟು? ಬೆಂಗಳೂರಿನ ಮಗ ವರ್ಷಕ್ಕೆ ಎಷ್ಟು ದಿನ ಬರ್ತಾನೆ? ಎಣಿಸಿದೆವು. ದೀಪಾವಳಿಗೆ ಐದು, ಮಧ್ಯೆ ಮಧ್ಯೆ ಸೇರಿ ಏಳು, ಒಟ್ಟು ಹನ್ನೆರಡು ದಿನ. ಆ ಹನ್ನೆರಡು ದಿನಕ್ಕೆ ಮೇಲೊಂದು ಮಹಡಿ ಕಟ್ಟೋಕೆ ಹೊರಟಿದ್ದೆವು. "ಕಾಕು (ಮರಾಠಿಯಲ್ಲಿ ಚಿಕ್ಕಮ್ಮ), ಸೈಟಿನಲ್ಲಿ ನಿಲ್ಲೋರು ಇಲ್ಲ ಅಂದ್ರೆ ಕಟ್ಟಬೇಡಿ, ಫ್ಲ್ಯಾಟ್ ತಗೊಳ್ಳಿ" ಅಂತ ನೇರವಾಗಿ ಹೇಳಿದರು. ನಾವು ಕಟ್ಟಿದರೆ ತಾನೆ ಅವರಿಗೆ ಫೀಸು? ಬೇಡ ಅನ್ನೋ ಉತ್ತರವನ್ನೂ ಅವರು ಮೇಜಿನ ಮೇಲೆ ಇಟ್ಟರು. ನಾನು ಅವರನ್ನು ನಂಬಿದ್ದು ಆವತ್ತೇ. ನಮ್ಮ ಯಜಮಾನರು 2023ರ ಮಾರ್ಚಿಗೆ ರಿಟೈರ್ ಆಗೋರಿದ್ದರು, ನಾನು ನಿಲ್ತೀನಿ ಅಂದರು. ಕಟ್ಟೋದು ಅಂತ ತೀರ್ಮಾನ ಆಯ್ತು, ಆದರೆ 1,600 ಚದರಡಿ, ಎಲ್ಲ ಕೆಳಗೇ. ಪಾಯ ಮಾತ್ರ ಮುಂದೊಂದು ಮಹಡಿ ತಾಳುವಷ್ಟು ಗಟ್ಟಿ.

ಕಾಗದ ಪತ್ರದ ವಿಷಯ ಬೇಗ ಮುಗಿಸ್ತೀನಿ. ಸಾತ್‌ಬಾರಾ ಉತಾರಾ (ನಮ್ಮ ಕಡೆಯ ಪಹಣಿ ಥರ), ಎನ್‌ಎ ಆದೇಶ, ವಕೀಲರಿಂದ ಜಾಗದ 30 ವರ್ಷದ ದಾಖಲೆ ಹುಡುಕಿಸಿದ ಸರ್ಚ್ ರಿಪೋರ್ಟ್, ಇಷ್ಟು ಇಲ್ಲದೆ ಅವರು ಗೆರೆ ಎಳೆಯಲ್ಲ. ಭೂಮಿ ಅಭಿಲೇಖ ಇಲಾಖೆಯಿಂದ ಮೋಜಣಿ ಮಾಡಿಸಿ ಅಂತ ಹಟ ಹಿಡಿದರು. ಮಾಡಿಸಿದಾಗ ಪಕ್ಕದ ಗೋಡೆ ನಮ್ಮ ಕಡೆ ಒಂದು ಅಡಿ ಎರಡು ಇಂಚು ಬಂದಿತ್ತು. ಕೆಲಸ ಶುರುವಾಗೋ ಮೊದಲೇ ಗೊತ್ತಾಗಿದ್ದಕ್ಕೆ ಜಗಳವಿಲ್ಲದೆ ಬಗೆಹರಿಯಿತು.

ಈಗ ಮಣ್ಣಿನ ಕಥೆ. ನನಗೆ ಬಹಳ ಇಷ್ಟವಾದ ಭಾಗ ಇದು.

2022ರ ಆಗಸ್ಟಿನಲ್ಲಿ, ಜೋರು ಮಳೆಯಲ್ಲೇ ಪ್ಲಾಟು ನೋಡಬೇಕು ಅಂದರು. ತಳೇಗಾಂವ ಘಟ್ಟಕ್ಕೆ ಹತ್ತಿರ, ಪುಣೆ ಊರೊಳಗಿಗಿಂತ ಮಳೆ ಜಾಸ್ತಿ. ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಚಪ್ಪಲಿ ಒಂದೊಂದು ಕೆ.ಜಿ. ಆಯ್ತು. ಎರೆಮಣ್ಣು! ನಮ್ಮ ಗದಗ ಸೀಮೆಯ ಎರೆಹೊಲದ ಮಣ್ಣೇ ಅದು. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತೆ. ಹತ್ತಿ, ಜೋಳಕ್ಕೆ ಬಂಗಾರ, ಮನೆ ಪಾಯಕ್ಕೆ ಶತ್ರು. ಡಿಸೆಂಬರಿನಲ್ಲಿ ಮೂರು ಕಡೆ ಗುಂಡಿ ತೋಡಿಸಿದರು. ನಾಲ್ಕೂವರೆ ಅಡಿ ಕರಿ ಮಣ್ಣು, ಅದರ ಕೆಳಗೆ ಕಂದು ಬಣ್ಣದ ಮುರುಮು, ಅಂದರೆ ಗಟ್ಟಿ ಗರಸು.

ಮಣ್ಣು ಲ್ಯಾಬಿಗೆ ಹೋದ ದಿನ ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಅಳತೆ ಗೆರೆ ಇರೋ ಎರಡು ಗಾಜಿನ ಕೊಳವೆ. ಎರಡಕ್ಕೂ ಒಣಗಿಸಿ ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಮಣ್ಣು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಒಂದು ದಿನ ಹಾಗೇ ಬಿಡಬೇಕು. ಮಾರನೇ ದಿನ ನೋಡಿದರೆ ಸೀಮೆಎಣ್ಣೆಯಲ್ಲಿನ ಮಣ್ಣು ಹತ್ತರ ಗೆರೆಯಲ್ಲಿ ಸುಮ್ನೆ ಕೂತಿದೆ, ನೀರಿನದು ಹದಿನಾರಕ್ಕೆ ಏರಿದೆ. ಅಂದರೆ ನೂರಕ್ಕೆ ಅರವತ್ತು ಪಾಲು ಉಬ್ಬಿದೆ. ಸೀಮೆಎಣ್ಣೆಗೆ ಈ ಮಣ್ಣು ಉಬ್ಬೋದಿಲ್ಲ, ಅದಕ್ಕೇ ಅದನ್ನು ಹೋಲಿಕೆಗೆ ಇಡೋದು ಅಂತೆ. ಆ ಕೊಳವೆ ನೋಡಿದ ಮೇಲೆ ಪಾಯದ ಖರ್ಚಿಗೆ ನಮ್ಮ ಮನೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ಕಂಬಗಳ ಬುಡದ ಫೂಟಿಂಗ್ ಎಲ್ಲ ಆರೂವರೆ ಅಡಿಗೆ, ಮುರುಮಿನ ಮೇಲೆ ಕೂರಿಸಿದರು. ಅಗೆದ ಕರಿ ಮಣ್ಣನ್ನು ವಾಪಸ್ ತುಂಬೋಕೆ ಬಿಡಲಿಲ್ಲ. ನೆಲದ ಕೆಳಗಿನದನ್ನೂ ತೆಗೆಸಿ ಮುರುಮು ಹಾಕಿ ದಮ್ಮಸ್ ಮಾಡಿಸಿದರು. ಆ ಕರಿ ಮಣ್ಣು ಈಗ ಹಿತ್ತಲಲ್ಲಿದೆ, ಮೆಂತ್ಯ ಸೊಪ್ಪು ಬೆಳೆದಿದ್ದೀನಿ.

ಪ್ಲಾನ್ ಹಾಳೆಯ ಮೇಲೆ ಅತ್ತೆಗೆ ಏನೂ ಅರ್ಥ ಆಗಲಿಲ್ಲ. ಒಂದು ಭಾನುವಾರ ಪ್ಲಾಟಿನಲ್ಲಿ ಸುಣ್ಣದ ಪುಡಿಯಿಂದ ಇಡೀ ಮನೆಯನ್ನು ಅದರ ಅಳತೆಗೇ ಬರೆದರು. ಅತ್ತೆ ಕೋಲು ಹಿಡಿದು ಬಾಗಿಲ ಜಾಗದಿಂದಲೇ ಒಳಗೆ ಬಂದರು, ಗೆರೆ ತುಳಿಯಲಿಲ್ಲ. ಅಡುಗೆಮನೆ, ಹಾಲ್, ತಮ್ಮ ಕೋಣೆ ಎಲ್ಲ ನಡೆದು ನೋಡಿ, "ರಾತ್ರಿ ಬಚ್ಚಲಕ್ಕ ಹೋಗಾಕ ಹನ್ನೊಂದು ಹೆಜ್ಜಿ ಆತವಾ, ದೂರ ಆತು" ಅಂದರು. ಆ ಹುಡುಗಿ ಅಲ್ಲೇ ಗೆರೆ ಅಳಿಸಿ ಬಾಗಿಲು ಬದಲಾಯಿಸಿದಳು. "ಆಜಿ (ಅಜ್ಜಿ), ಈಗ ನಡೀರಿ." ಐದು ಹೆಜ್ಜೆ. ಆಮೇಲೆ ಅತ್ತೆ ಆ ಇಪ್ಪತ್ತು ಸಾವಿರದ ಮಾತು ಮತ್ತೆ ಎತ್ತಲಿಲ್ಲ.

ನನಗೆ ಕೇಳಿದ್ದು ರೊಟ್ಟಿ ಬಗ್ಗೆ. ಕೂತು ಬಡೀತೀರಾ, ನಿಂತು ಬಡೀತೀರಾ? ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಿಂತು ಬಡಿಯೋದು, ಆದರೆ ಫ್ಲ್ಯಾಟಿನ ಅಡುಗೆ ಕಟ್ಟೆ 34 ಇಂಚು ಎತ್ತರ, ಭುಜ ಎತ್ತಿ ಬಡಿದು ಬಡಿದು ರಾತ್ರಿ ಕುತ್ತಿಗೆ ಹಿಡಿಯುತ್ತಿತ್ತು. ಸ್ಟೂಲಿನ ಮೇಲೆ ಹಲಗೆ ಇಟ್ಟು, ಇಂಚು ಇಂಚು ಏರಿಸಿ ಇಳಿಸಿ, ಹಿಟ್ಟು ಇಲ್ಲದೆ ಸುಮ್ನೆ ಕೈ ಬಡಿಸಿ ನೋಡಿದರು. 28 ಇಂಚಿಗೆ ನನ್ನ ಭುಜ ಇಳಿಯಿತು. ಈಗ ಒಲೆಯ ಎಡಕ್ಕೆ ಎರಡೂವರೆ ಅಡಿ ಅಗಲದ ತಗ್ಗು ಕಟ್ಟೆ ಇದೆ, ಮೇಲೆ ಕರಿ ಗ್ರಾನೈಟು. ದಿನಾ ಹದಿನಾಲ್ಕು ರೊಟ್ಟಿ ಬಡೀತೀನಿ, ಕುತ್ತಿಗೆ ನೋವಿಲ್ಲ.

ಬೇಡ ಅಂದಿದ್ದೂ ಇದೆ. ಹಳೇ ಪುಣೆಯ ವಾಡೆಗಳ (ದೊಡ್ಡ ಮನೆಗಳ) ಥರ ಮಧ್ಯೆ ಅಂಗಳ ನನ್ನ ಆಸೆ. ಮೂರು ಗುಂಟೆಯಲ್ಲಿ ಸುತ್ತ ಜಾಗ ಬಿಟ್ಟ ಮೇಲೆ ಅಂಗಳ ಮಾಡಿದರೆ ಕೋಣೆಗಳು ಗೂಡಾಗ್ತವೆ, ಜೂನಿಂದ ಸೆಪ್ಟೆಂಬರ್‌ವರೆಗೆ ಆಜಿ ಒದ್ದೆ ನೆಲ ದಾಟಬೇಕಾಗುತ್ತೆ ಅಂದರು. ನನಗೆ ಬೇಜಾರಾಯ್ತು, ಈಗಲೂ ಸ್ವಲ್ಪ ಇದೆ. ಅದರ ಬದಲು ಮುಂದೆ ಉದ್ದಕ್ಕೆ ಸೂರಿರುವ ಕಟ್ಟೆ ಕೊಟ್ಟರು, ಶಹಾಬಾದಿ ಫರ್ಶಿ (ಚಪ್ಪಡಿ ಕಲ್ಲು) ಹಾಕಿಸಿ. ಪುಣೆಯ ಹಳೇ ಮನೆಗಳ ನೆಲವೆಲ್ಲ ಈ ಕಲ್ಲೇ, ಅದು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಹೆಸರು ಅಂತ ಹೇಳಿದಾಗ ಕೆಲಸದವರಿಗೆ ಆಶ್ಚರ್ಯ. ಅತ್ತೆ ಸಂಜೆ ಪೂರ್ತಿ ಅಲ್ಲೇ ಕೂತಿರ್ತಾರೆ.

ಗುತ್ತಿಗೆ ಹೇಗೆ ಕೊಡೋದು ಅನ್ನೋದನ್ನೂ ಚೆನ್ನಾಗಿ ಬಿಡಿಸಿ ಹೇಳಿದರು. ಸಾಮಾನು ಸಮೇತ ಕೊಟ್ಟರೆ ಬಿಲ್ಲಿನ ಮೇಲೆ 18% ಜಿಎಸ್‌ಟಿ. ಒಂದೇ ಮನೆಯ ಬರೀ ಕೂಲಿ ಗುತ್ತಿಗೆಗೆ ಜಿಎಸ್‌ಟಿ ಇಲ್ಲ. ಆದರೆ ಸಿಮೆಂಟು, ಕಂಬಿ, ಕ್ರಶ್ ಸ್ಯಾಂಡ್ ಎಲ್ಲ ನಾವೇ ತಂದು ಕಾಯಬೇಕು. ಯಜಮಾನರು ದಿನಾ ಅಲ್ಲೇ ಇರೋದರಿಂದ ಕೂಲಿ ಗುತ್ತಿಗೆ ಆರಿಸಿಕೊಂಡೆವು. ಕಂಬಿ ಬಂದಾಗ ತೂಕ ನೋಡೋ ಲೆಕ್ಕ ಕಲಿಸಿದರು. ಕಂಬಿಯ ದಪ್ಪದ ಮಿಲಿಮೀಟರನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ಕೆ.ಜಿ. 12 ಎಂಎಂ ಕಂಬಿ, 12 ಮೀಟರ್ ಉದ್ದಕ್ಕೆ ಸುಮಾರು 10.67 ಕೆ.ಜಿ. ಯಜಮಾನರು ಒಂದೊಂದು ಕಂಬಿ ಎಣಿಸಿ ವೇ ಬ್ರಿಡ್ಜ್ ಚೀಟಿಗೆ ತಾಳೆ ನೋಡೋರು. ಎರಡನೇ ಲೋಡಿನಲ್ಲಿ ತೂಕ ಕಡಿಮೆ ಬಂತು, ಅಂಗಡಿಯವರು ಮರುದಿನವೇ ಉಳಿದದ್ದು ಕಳಿಸಿದರು. ಸ್ಲ್ಯಾಬ್ ಹಾಕಿದ ದಿನ ಆರು ಕಾಂಕ್ರೀಟ್ ಕ್ಯೂಬು ತೆಗೆದಿಟ್ಟು, ಮೂರನ್ನು 7 ದಿನಕ್ಕೆ, ಮೂರನ್ನು 28 ದಿನಕ್ಕೆ ಒಡೆಸಿ ಗಟ್ಟಿತನ ನೋಡಿದರು. ಸ್ಲ್ಯಾಬಿನ ಮೇಲೆ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿದ್ದೆವು, ಭತ್ತದ ಗದ್ದೆ ಥರ ಕಾಣ್ತಿತ್ತು.

ಸಾಲದ ಬಗ್ಗೆ ಒಂದು ಮಾತು. ಬ್ಯಾಂಕು ಒಟ್ಟಿಗೆ ಕೊಡಲ್ಲ. ಪಾಯ, ಸ್ಲ್ಯಾಬು, ಗೋಡೆ, ಪ್ಲಾಸ್ಟರು ಹೀಗೆ ಹಂತ ಮುಗಿದಂತೆ ಬಿಡುಗಡೆ ಮಾಡುತ್ತೆ. ಪ್ರತಿ ಹಂತಕ್ಕೂ ಮೊದಲು ನಮ್ಮ ಕೈಯಿಂದ ಹಾಕಬೇಕು. ಇದನ್ನು ಮೊದಲೇ ಪಟ್ಟಿ ಮಾಡಿಕೊಟ್ಟಿದ್ದರಿಂದ ಫ್ಲ್ಯಾಟು ಯಾವಾಗ ಮಾರಬೇಕು ಅಂತ ಗೊತ್ತಾಯ್ತು. ಫ್ಲ್ಯಾಟ್ ಮಾರಿದ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಿದ್ದರೆ ಮೂರು ವರ್ಷದೊಳಗೆ ಮನೆ ಕಟ್ಟಿ ಮುಗಿಸಬೇಕು, ಅದನ್ನೂ ನೆನಪಿಸಿ ಸಿಎ ಹತ್ತಿರ ಕಳಿಸಿದರು.

ಇನ್ನು ಕೊರತೆ. ಕರೆಂಟಿನ ಡ್ರಾಯಿಂಗು ಬಹಳ ತಡ ಮಾಡಿದರು. ಗೋಡೆ ಎದ್ದ ಮೇಲೆ ಬಂತು, ಎರಡು ಕಡೆ ಹೊಸ ಗೋಡೆ ಕೊರೆಯಬೇಕಾಯ್ತು. ಆ ಶಬ್ದ ಕೇಳಿದಾಗ ನನಗೆ ಕಣ್ಣಲ್ಲಿ ನೀರು ಬಂತು. ಫೋನ್ ಮಾಡಿದರೆ ತಕ್ಷಣ ಎತ್ತಲ್ಲ, ಸಂಜೆ ತಾವೇ ಮಾಡ್ತಾರೆ, ಅಷ್ಟರಲ್ಲಿ ಮೇಸ್ತ್ರಿ ತನಗೆ ತಿಳಿದದ್ದು ಮಾಡಿರ್ತಾನೆ. ಹದಿನೈದು ತಿಂಗಳು ಅಂದಿದ್ದು ಹತ್ತೊಂಬತ್ತಾಯ್ತು. ನಾಲ್ಕು ತಿಂಗಳ ಬಾಡಿಗೆ, ತಿಂಗಳಿಗೆ 16 ಸಾವಿರದಂತೆ 64 ಸಾವಿರ, ಕೈ ಬಿಟ್ಟಿತು. ಇದನ್ನು ಅವರ ಮುಂದೆಯೇ ಹೇಳಿದ್ದೀನಿ. ತಪ್ಪು ಒಪ್ಪಿಕೊಂಡು ಕೊನೆಯ ಕಂತಿನಲ್ಲಿ 15 ಸಾವಿರ ಬಿಟ್ಟರು.

ದುಡ್ಡಿನ ಲೆಕ್ಕ: ಅವರ ಅಂದಾಜು 41 ಲಕ್ಷ, ಅದರ ಮೇಲೆ ಹತ್ತರಲ್ಲೊಂದು ಪಾಲು ತೆಗೆದಿಡಿ ಅಂದಿದ್ದರು. ಬಾಡಿಗೆ ಬಿಟ್ಟು 44 ಲಕ್ಷ 20 ಸಾವಿರಕ್ಕೆ ಮುಗಿಯಿತು, ಕಾಂಪೌಂಡು, ಸಂಪು, ಗ್ರಿಲ್ಲು, ಟ್ರಾಲಿ, ಅವರ ಫೀಸು 2 ಲಕ್ಷ 40 ಸಾವಿರ, ಸ್ಟ್ರಕ್ಚರಲ್ ಎಂಜಿನಿಯರ್ ಫೀಸು ಎಲ್ಲ ಸೇರಿ. ಭೋಗವಟಾ ಪತ್ರ (ವಾಸಕ್ಕೆ ಅನುಮತಿ ಕಾಗದ) ಕೈಗೆ ಬಂದ ಮೇಲೆ 2025ರ ಏಪ್ರಿಲ್ 30ಕ್ಕೆ, ಬಸವ ಜಯಂತಿ ದಿನ, ಹಾಲು ಉಕ್ಕಿಸಿದೆವು. ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಹೋಗಿದ್ದು ಆ ಕರೆಂಟಿನ ಡ್ರಾಯಿಂಗಿಗೆ.

ಅವರ ಹತ್ತಿರ ಹೋಗೋರು ಪ್ಲಾಟಿನ ಸಾತ್‌ಬಾರಾ, ಬೇರೆಯವರು ಕೊಟ್ಟ ಕೊಟೇಶನ್ನು, ಈಗಿರುವ ಅಡುಗೆ ಕಟ್ಟೆಯ ಎತ್ತರ ಇಷ್ಟನ್ನು ಬರೆದುಕೊಂಡು ಹೋಗಿ. ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತು ಅವರಿಗೆ ಬಿಡುವು. ಮನೆಯಲ್ಲಿ ಹಿರಿಯರು ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ, ಆಫೀಸು ನೆಲಮಹಡಿಯಲ್ಲೇ ಇದೆ, ಮೆಟ್ಟಿಲಿಲ್ಲ.